65 ವರ್ಷ ದಡಾರ ಕಾಣದ ದ್ವೀಪ ಮತ್ತು ಡಾಕ್ಟರ್ ಪನುಮ್: ಲಾಕ್‌ಡೌನ್‌ನಿಂದ ರೋಗನಿರೋಧಕ ಶಕ್ತಿ ಕುಗ್ಗುತ್ತದೆಯೇ?

2025ರ ಜನವರಿ ಮೊದಲ ವಾರದಲ್ಲಿ ಬೆಂಗಳೂರಿನ ಇಬ್ಬರು ಶಿಶುಗಳಲ್ಲಿ ಎಚ್‌ಎಂಪಿವಿ ವೈರಸ್ ಪತ್ತೆಯಾದ ಸುದ್ದಿ ನಿಮಗೆ ನೆನಪಿರಬಹುದು. ಅಂದು ಸಂಜೆಯೊಳಗೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಎರಡು ಬಗೆಯ ಫಾರ್ವರ್ಡ್‌ಗಳು ಬಂದವು. ಮತ್ತೆ ಲಾಕ್‌ಡೌನ್ ಆಗುತ್ತದೆ, ದಿನಸಿ ತಂದಿಟ್ಟುಕೊಳ್ಳಿ ಎನ್ನುವುದು ಮೊದಲನೆಯದು. ಅದು ಕೆಲವೇ ದಿನಗಳಲ್ಲಿ ತಾನಾಗಿಯೇ ಸುಳ್ಳಾಯಿತು. ಎರಡನೆಯದು ಮಾತ್ರ ಇಂದಿಗೂ ಓಡಾಡುತ್ತಿದೆ. ಕೊರೊನಾ ಕಾಲದಲ್ಲಿ ಮಾಸ್ಕ್ ಹಾಕಿಸಿ, ಮನೆಯೊಳಗೆ ಕೂರಿಸಿ ಮಕ್ಕಳ ರೋಗನಿರೋಧಕ ಶಕ್ತಿಯನ್ನೇ ಹಾಳು ಮಾಡಿದರು, ಅದಕ್ಕೇ ಈಗ ಪದೇಪದೇ ಕೆಮ್ಮು ನೆಗಡಿ, ಇನ್ನಾದರೂ ಮಕ್ಕಳಿಗೆ ಸೋಂಕು ತಗುಲಲು ಬಿಡಿ, ಆಗಲೇ ಗಟ್ಟಿಯಾಗುತ್ತಾರೆ ಎನ್ನುವುದು ಅದರ ಸಾರ.

ನಮ್ಮ ಮನೆಯಲ್ಲಿ ಇದು ಬರೀ ವಾದವಾಗಿ ಉಳಿಯಲಿಲ್ಲ. ಅಣ್ಣನ ಮಗುವಿಗೆ ಆಗ ಎರಡು ತಿಂಗಳು. ಮುಂದಿನ ವಾರ ನಾಮಕರಣವಿತ್ತು. ಬರಬೇಕಿದ್ದ ನೆಂಟರ ಮನೆಯ ಹುಡುಗನಿಗೆ ಜೋರು ಕೆಮ್ಮು. ಅವನು ಹುಷಾರಾದ ಮೇಲೆ ಬಂದರೆ ಸಾಕು ಎಂದು ಅತ್ತಿಗೆ. ಮಗುವಿಗೆ ಈಗಿನಿಂದಲೇ ರೂಢಿಯಾಗಲಿ ಎಂದು ಫಾರ್ವರ್ಡ್ ತೋರಿಸುತ್ತಾ ದೊಡ್ಡಮ್ಮ. ನಾನು ಡಾಕ್ಟರ್ ಅಲ್ಲ, ಆರೋಗ್ಯದ ಮಾಹಿತಿ ಜನರಿಗೆ ಹೇಗೆ ತಲುಪುತ್ತದೆ ಎಂದು ಅಧ್ಯಯನ ಮಾಡುವವಳು. ಹಾಗಾಗಿ ನ್ಯಾಯ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಉತ್ತರ ಹುಡುಕುತ್ತಾ ಹೋದಾಗ ಸಿಕ್ಕವರು ಡೆನ್ಮಾರ್ಕ್ ದೇಶದ ಪೀಟರ್ ಲುಡ್ವಿಗ್ ಪನುಮ್. ಸಾಂಕ್ರಾಮಿಕ ರೋಗಗಳ ಬಗ್ಗೆ ಓದುವವರಿಗೆಲ್ಲ ಚಿರಪರಿಚಿತ ಹೆಸರು. 1846ರಲ್ಲಿ, ವೈರಸ್ ಎಂಬುದು ಏನೆಂದೇ ಯಾರಿಗೂ ತಿಳಿಯದ ಕಾಲದಲ್ಲಿ, 25 ವರ್ಷದ ಈ ತರುಣ ಒಂದು ದ್ವೀಪಸಮೂಹಕ್ಕೆ ಹೋಗಿ ಬಂದರು. ಅಲ್ಲಿ ಅವರು ಕಂಡದ್ದನ್ನು ತಿಳಿದುಕೊಂಡರೆ ಈ ಫಾರ್ವರ್ಡ್‌ನಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎನ್ನುವುದು ಸುಲಭವಾಗಿ ಅರ್ಥವಾಗುತ್ತದೆ.

ಸೇನಾ ವೈದ್ಯರ ಮಗ

ಪನುಮ್ ಹುಟ್ಟಿದ್ದು 1820ರ ಡಿಸೆಂಬರ್ 19ರಂದು, ಬಾಲ್ಟಿಕ್ ಸಮುದ್ರದ ಬೋರ್ನ್‌ಹೋಮ್ ಎಂಬ ದ್ವೀಪದಲ್ಲಿ. ತಂದೆ ಸೇನಾ ತುಕಡಿಯ ವೈದ್ಯರು. ಪನುಮ್ ಚಿಕ್ಕವರಿದ್ದಾಗಲೇ ಕುಟುಂಬ ಡೆನ್ಮಾರ್ಕ್ ಮತ್ತು ಜರ್ಮನಿಯ ನಡುವಿನ ಶ್ಲೆಸ್ವಿಗ್ ಪ್ರಾಂತ್ಯಕ್ಕೆ ಬಂತು. ಆಗ ಅದು ಡೆನ್ಮಾರ್ಕ್ ರಾಜನ ಆಳ್ವಿಕೆಯಲ್ಲಿತ್ತು. ಎರಡು ಭಾಷೆ, ಎರಡು ಸಂಸ್ಕೃತಿಗಳ ಗಡಿನಾಡು ಅದು. ಪನುಮ್ ಕೀಲ್ ನಗರದಲ್ಲಿ ಓದು ಶುರು ಮಾಡಿ, ನಂತರ ಕೋಪನ್‌ಹೇಗನ್‌ಗೆ ಬಂದು 1845ರಲ್ಲಿ ವೈದ್ಯಕೀಯ ಪರೀಕ್ಷೆ ಪಾಸು ಮಾಡಿದರು.

ಪರೀಕ್ಷೆ ಮುಗಿದು ಒಂದು ವರ್ಷವಾಗುವಷ್ಟರಲ್ಲಿ ಸರ್ಕಾರದಿಂದ ಒಂದು ಕೆಲಸ ಬಂತು. ದೂರದ ಫ್ಯಾರೋ ದ್ವೀಪಗಳಲ್ಲಿ ದಡಾರ ಹಬ್ಬಿದೆ, ಅಲ್ಲಿ ಸಾಕಷ್ಟು ಡಾಕ್ಟರುಗಳಿಲ್ಲ, ಹೋಗಿ ಚಿಕಿತ್ಸೆ ಕೊಟ್ಟು ವರದಿ ತನ್ನಿ ಎಂದು ಪನುಮ್ ಮತ್ತು ಆಗಸ್ಟ್ ಮಾನಿಕುಸ್ ಎಂಬ ಇನ್ನೊಬ್ಬ ತರುಣ ವೈದ್ಯರನ್ನು ಕಳಿಸಲಾಯಿತು.

ಯಾರೂ ಬಾರದ, ಯಾರೂ ಹೋಗದ ದ್ವೀಪಗಳು

ಫ್ಯಾರೋ ಎನ್ನುವುದು ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ, ಸ್ಕಾಟ್ಲೆಂಡ್ ಮತ್ತು ಐಸ್‌ಲ್ಯಾಂಡ್ ನಡುವೆ ಇರುವ 18 ದ್ವೀಪಗಳ ಗುಂಪು. ಮರಗಳಿಲ್ಲ. ಕಡಿದಾದ ಬೆಟ್ಟ, ಬಿರುಗಾಳಿ, ಕುರಿ, ಮೀನು. 1846ರಲ್ಲಿ ಒಟ್ಟು ಜನಸಂಖ್ಯೆ 7,782. ನಮ್ಮ ದೊಡ್ಡದೊಂದು ಗ್ರಾಮ ಪಂಚಾಯಿತಿಯಷ್ಟು ಜನ, ಅವರೂ ಸಣ್ಣಸಣ್ಣ ಹಳ್ಳಿಗಳಲ್ಲಿ ಚದುರಿಹೋಗಿದ್ದರು.

ಆ ದ್ವೀಪಗಳಿಗೆ ಹಡಗುಗಳೂ ಹೆಚ್ಚು ಬರುತ್ತಿರಲಿಲ್ಲ. ಅಲ್ಲಿನ ವ್ಯಾಪಾರ ಪೂರ್ತಿ ಡೆನ್ಮಾರ್ಕ್ ರಾಜಮನೆತನದ ಏಕಸ್ವಾಮ್ಯದಲ್ಲಿತ್ತು. ಬೇರೆಯವರು ಬಂದು ವ್ಯಾಪಾರ ಮಾಡುವಂತಿರಲಿಲ್ಲ. ಈ ಕಟ್ಟುಪಾಡು ರದ್ದಾದದ್ದು 1856ರಲ್ಲಿ. ಅಂದರೆ ಯಾರೂ ರೋಗಕ್ಕೆಂದು ಹೇರದಿದ್ದರೂ ಫ್ಯಾರೋ ದಶಕಗಳ ಕಾಲ ಒಂದು ಬಗೆಯ ಲಾಕ್‌ಡೌನ್‌ನಲ್ಲಿಯೇ ಇತ್ತು.

ಇದರ ಪರಿಣಾಮವಾಗಿ ಹಲವು ಕಾಯಿಲೆಗಳು ಅಲ್ಲಿಗೆ ತಲುಪುತ್ತಲೇ ಇರಲಿಲ್ಲ. ದಡಾರ ಅಲ್ಲಿಗೆ ಹಿಂದೆ ಬಂದಿದ್ದು 1781ರಲ್ಲಿ. ಆಮೇಲೆ 65 ವರ್ಷ ಒಂದೇ ಒಂದು ಪ್ರಕರಣವೂ ಇರಲಿಲ್ಲ. ಕಾರಣ ಸರಳ. ದಡಾರದ ವೈರಸ್‌ಗೆ ಮನುಷ್ಯರನ್ನು ಬಿಟ್ಟರೆ ಬೇರೆ ಆಸರೆಯಿಲ್ಲ. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ. ಹಾಗಾಗಿ ಅದಕ್ಕೆ ಸದಾ ಹೊಸಬರು, ಅಂದರೆ ಹೊಸದಾಗಿ ಹುಟ್ಟಿದ ಮಕ್ಕಳು ಸಿಗುತ್ತಲೇ ಇರಬೇಕು. ಒಂದು ಕಡೆ ದಡಾರ ನಿರಂತರವಾಗಿ ಉಳಿಯಲು ಎರಡೂವರೆಯಿಂದ ಐದು ಲಕ್ಷ ಜನಸಂಖ್ಯೆ ಬೇಕು ಎಂಬುದು ಇಂದಿನ ಅಂದಾಜು. ಎಂಟು ಸಾವಿರ ಜನರೂ ಇಲ್ಲದ ಕಡೆ ಅದು ಎಲ್ಲರನ್ನೂ ಒಮ್ಮೆ ಮುಟ್ಟಿ, ಉರುವಲು ಮುಗಿದ ಬೆಂಕಿಯಂತೆ ಆರಿಹೋಗುತ್ತದೆ.

ಹಡಗಿನಲ್ಲಿ ಬಂದ ಬಡಗಿ

1846ರ ಮಾರ್ಚ್ 20ರಂದು ಒಬ್ಬ ಬಡಗಿ ಕೋಪನ್‌ಹೇಗನ್‌ನಿಂದ ಹಡಗು ಹತ್ತಿದ. ಹೊರಡುವ ಮುನ್ನ ದಡಾರ ಬಂದಿದ್ದ ಪರಿಚಯದವರನ್ನು ನೋಡಿಕೊಂಡು ಬಂದಿದ್ದ. ಮಾರ್ಚ್ 28ಕ್ಕೆ ಫ್ಯಾರೋದ ಮುಖ್ಯ ಪಟ್ಟಣ ಟೋರ್ಸ್‌ಹಾವ್ನ್ ತಲುಪಿದ. ಇಳಿದಾಗ ಆರೋಗ್ಯವಾಗಿಯೇ ಇದ್ದ. ಏಪ್ರಿಲ್ ಮೊದಲ ದಿನಗಳಲ್ಲಿ ಅವನ ಮೈಮೇಲೆ ಕೆಂಪು ದದ್ದು ಎದ್ದವು. ಆಮೇಲೆ ಅವನ ಆಪ್ತ ಸ್ನೇಹಿತರಿಬ್ಬರು ಮಲಗಿದರು. ಅಲ್ಲಿಂದ ರೋಗ ದೋಣಿ ಹತ್ತಿ ಹಳ್ಳಿಯಿಂದ ಹಳ್ಳಿಗೆ ಹೋಯಿತು.

ಸುಮಾರು ಆರು ತಿಂಗಳಲ್ಲಿ 7,782 ಜನರಲ್ಲಿ ಹೆಚ್ಚುಕಡಿಮೆ 6,000 ಮಂದಿ ಮಲಗಿದರು. ನಮ್ಮಲ್ಲಿ ದಡಾರ ಎಂದರೆ ಮಕ್ಕಳ ಕಾಯಿಲೆ. ಅಲ್ಲಿ ಹಾಗಿರಲಿಲ್ಲ. ಹತ್ತು ವರ್ಷದವರು, ಮೂವತ್ತು ವರ್ಷದವರು, ಅರವತ್ತರ ಅಂಚಿನವರು ಎಲ್ಲರೂ ಒಟ್ಟಿಗೆ ಮಲಗಿದರು. ಒಂದು ಮನೆಯಲ್ಲಿ ಎಲ್ಲರೂ ಜ್ವರದಲ್ಲಿದ್ದರೆ ಒಲೆ ಹಚ್ಚುವವರು, ನೀರು ಕೊಡುವವರು, ಹಸು ಕುರಿ ನೋಡುವವರು ಯಾರು? ನೂರಕ್ಕೂ ಹೆಚ್ಚು ಜನ ಸತ್ತರು. ಅಷ್ಟು ಚಿಕ್ಕ ಸಮಾಜಕ್ಕೆ ಅದು ದೊಡ್ಡ ಏಟು.

ದಿನ ಎಣಿಸುತ್ತಾ ಹೋದ ಡಾಕ್ಟರ್

ಪನುಮ್ ಮತ್ತು ಮಾನಿಕುಸ್ ದ್ವೀಪಗಳನ್ನು ತಮ್ಮಲ್ಲಿ ಹಂಚಿಕೊಂಡರು. ತಿಂಗಳುಗಟ್ಟಲೆ ಪನುಮ್ ದೋಣಿಯಲ್ಲಿ, ಕಾಲ್ನಡಿಗೆಯಲ್ಲಿ ತಿರುಗಿ ಐವತ್ತಕ್ಕೂ ಹೆಚ್ಚು ಹಳ್ಳಿಗಳನ್ನು ನೋಡಿದರು. ಚಿಕಿತ್ಸೆಯ ಜೊತೆಗೆ ಅವರು ಇನ್ನೊಂದು ಕೆಲಸ ಮಾಡಿದರು. ಪ್ರತಿ ಹಳ್ಳಿಯಲ್ಲೂ ಮೊದಲು ಮಲಗಿದವರು ಯಾರು, ಅದಕ್ಕೂ ಮುಂಚೆ ಎಲ್ಲಿಗೆ ಹೋಗಿದ್ದರು, ಯಾರನ್ನು ಭೇಟಿಯಾಗಿದ್ದರು, ದದ್ದು ಎದ್ದಿದ್ದು ಯಾವ ತಾರೀಖು ಎಂದು ಕೇಳಿ ಬರೆದುಕೊಂಡರು. ಕೊರೊನಾ ಸಮಯದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಕೇಳುತ್ತಿದ್ದ ಪ್ರಶ್ನೆಗಳೇ ಇವು.

ಅಲ್ಲಿ ಈ ಲೆಕ್ಕ ಸುಲಭವೂ ಆಗಿತ್ತು. ದೊಡ್ಡ ನಗರದಲ್ಲಿ ಯಾರಿಂದ ಯಾರಿಗೆ ಬಂತು ಎಂದು ಹೇಳಲಾಗದು. ಸಮುದ್ರದ ಅಂಚಿನ ಒಂಟಿ ಹಳ್ಳಿಯಲ್ಲಿ ಯಾವ ದೋಣಿ ಯಾವತ್ತು ಬಂತು ಎನ್ನುವುದು ಎಲ್ಲರಿಗೂ ಬಾಯಿಪಾಠ.

ತ್ಯೋರ್ನುವಿಕ್ ಎಂಬ ಹಳ್ಳಿಯ ಕಥೆ ಇಂದಿಗೂ ವೈದ್ಯಕೀಯ ಪಾಠಗಳಲ್ಲಿ ಬರುತ್ತದೆ. ಜೂನ್ 4ರಂದು ಅಲ್ಲಿನ ಹತ್ತು ಗಂಡಸರು ಒಂದೇ ದೋಣಿಯಲ್ಲಿ ವೆಸ್ಟ್‌ಮನ್ನಾ ಎಂಬ ಊರಿಗೆ ತಿಮಿಂಗಿಲ ಬೇಟೆಗೆ ಹೋಗಿದ್ದರು. ಅಲ್ಲಿ ಬೇರೆ ಊರುಗಳ ಜನರೂ ಸೇರಿದ್ದರು, ಅವರಲ್ಲಿ ರೋಗವಿದ್ದವರೂ ಇದ್ದರು. ಬೇಟೆ ಮುಗಿಸಿ ಹತ್ತು ಜನರೂ ಊರಿಗೆ ಮರಳಿದರು. ಜೂನ್ 18ರಂದು, ಸರಿಯಾಗಿ ಹದಿನಾಲ್ಕನೆಯ ದಿನ, ಹತ್ತೂ ಜನರ ಮೈಮೇಲೆ ದದ್ದು ಎದ್ದವು. ಮತ್ತೆ ಹೆಚ್ಚುಕಡಿಮೆ ಎರಡು ವಾರಕ್ಕೆ ಅವರವರ ಮನೆಯವರು ಮಲಗಿದರು. ಇದೇ ಲೆಕ್ಕ ಹಳ್ಳಿಯಿಂದ ಹಳ್ಳಿಗೆ ತಾಳೆಯಾಗುತ್ತಾ ಹೋಯಿತು.

ಆ ಕಾಲದಲ್ಲಿ ಅನೇಕ ವೈದ್ಯರು ಕೆಟ್ಟ ಗಾಳಿಯಿಂದ, ಕೊಳೆತ ವಾಸನೆಯಿಂದ ಇಂಥ ರೋಗಗಳು ಹುಟ್ಟುತ್ತವೆ ಎಂದು ನಂಬಿದ್ದರು. ಗಾಳಿಯೇ ಕಾರಣವಾಗಿದ್ದರೆ ಪಕ್ಕಪಕ್ಕದ ಹಳ್ಳಿಗಳಿಗೆ ಒಟ್ಟಿಗೇ ಬರಬೇಕಿತ್ತು. ಆದರೆ ರೋಗ ಬಂದಿದ್ದು ಮನುಷ್ಯರು ಬಂದ ದಾರಿಯಲ್ಲೇ, ಪ್ರತಿ ಸಲವೂ ಹದಿಮೂರು ಹದಿನಾಲ್ಕು ದಿನದ ಅಂತರದಲ್ಲಿ. ದಡಾರ ಒಬ್ಬರಿಂದ ಒಬ್ಬರಿಗೆ ಮಾತ್ರ ಅಂಟುತ್ತದೆ ಎಂದು ಪನುಮ್ ತೀರ್ಮಾನಿಸಿದರು. ದಡಾರದ ವೈರಸ್ ಅನ್ನು ಪ್ರಯೋಗಾಲಯದಲ್ಲಿ ಬೇರ್ಪಡಿಸಿದ್ದು 1954ರಲ್ಲಿ, ಅಂದರೆ 108 ವರ್ಷಗಳ ನಂತರ!

ಅವರ ಎಲ್ಲ ಮಾತೂ ಸರಿಯಿರಲಿಲ್ಲ ಎಂಬುದನ್ನೂ ಹೇಳಬೇಕು. ದದ್ದು ಏಳುವ ಹೊತ್ತಿನಲ್ಲೇ ರೋಗ ಹೆಚ್ಚು ಅಂಟುತ್ತದೆ ಎಂದು ಅವರು ಭಾವಿಸಿದ್ದರು. ದದ್ದು ಕಾಣಿಸುವ ಸುಮಾರು ನಾಲ್ಕು ದಿನ ಮೊದಲೇ ಅದು ಹರಡಲು ಶುರುವಾಗುತ್ತದೆ ಎಂದು ಈಗ ನಮಗೆ ಗೊತ್ತಿದೆ.

ಮಲಗದೇ ಉಳಿದ 98 ಹಿರಿಯರು

ನಮ್ಮ ಫಾರ್ವರ್ಡ್‌ಗೆ ಉತ್ತರ ಇರುವುದು ಇಲ್ಲಿ. ಮನೆಮಂದಿಯೆಲ್ಲ ಮಲಗಿದ್ದಾಗ ಕೆಲವು ಮನೆಗಳಲ್ಲಿ ಅಜ್ಜ ಅಜ್ಜಿ ಮಾತ್ರ ಓಡಾಡಿಕೊಂಡಿದ್ದರು. ಪನುಮ್ ಅವರನ್ನು ವಿಚಾರಿಸಿದರು. ಅವರೆಲ್ಲ 1781ರಲ್ಲಿ, ಚಿಕ್ಕಂದಿನಲ್ಲಿ ದಡಾರ ಬಂದು ಉಳಿದವರು. ಅಂಥ 98 ಹಿರಿಯರನ್ನು ಪನುಮ್ ಸ್ವತಃ ಕಂಡರು. ಅವರು ವಿಚಾರಿಸಿದ ಮಟ್ಟಿಗೆ, ಹಿಂದೊಮ್ಮೆ ದಡಾರ ಬಂದಿದ್ದ ಒಬ್ಬರಿಗೂ ಈ ಸಲ ಮತ್ತೆ ಬರಲಿಲ್ಲ. ಅದೇ ವಯಸ್ಸಿನ, ಆದರೆ 1781ರಲ್ಲಿ ತಪ್ಪಿಸಿಕೊಂಡಿದ್ದ ಹಿರಿಯರು ರೋಗಿಗಳ ಹತ್ತಿರ ಹೋದಾಗ ಮಲಗಿದರು.

ಇದರ ಅರ್ಥವೇನು ನೋಡಿ. ಈ ಅಜ್ಜ ಅಜ್ಜಿಯರ ದೇಹ 65 ವರ್ಷ ದಡಾರವನ್ನು ಮತ್ತೆ ನೋಡಿರಲೇ ಇಲ್ಲ. ರೋಗನಿರೋಧಕ ಶಕ್ತಿ ಎನ್ನುವುದು ದಿನವೂ ಬಳಸದಿದ್ದರೆ ತುಕ್ಕು ಹಿಡಿಯುವ ಕುಡುಗೋಲಿನಂತೆ ಇದ್ದಿದ್ದರೆ ಇವರೇ ಮೊದಲು ಮಲಗಬೇಕಿತ್ತು. ಹಾಗಾಗಲಿಲ್ಲ. ಅವರ ದೇಹ ಬಾಲ್ಯದ ಪರಿಚಯವನ್ನು ಮರೆತಿರಲಿಲ್ಲ.

ಹಾಗಾದರೆ ಉಳಿದ 6,000 ಮಂದಿ ಮಲಗಿದ್ದು ಏಕೆ? ಅವರ ಮೈ ದುರ್ಬಲವಾಗಿತ್ತೇ? ಅದೂ ಅಲ್ಲ. ಫ್ಯಾರೋ ಜನರ ಸರಾಸರಿ ಆಯುಷ್ಯ ಡೆನ್ಮಾರ್ಕ್ ಜನರಿಗಿಂತ ಹೆಚ್ಚಿದೆ ಎಂದು ಪನುಮ್ ಲೆಕ್ಕ ಹಾಕಿ ತೋರಿಸಿದರು. ದಡಾರದಂಥ ರೋಗಗಳು ಅಲ್ಲಿಗೆ ಬಾರದಿದ್ದುದು ಅದಕ್ಕೆ ಒಂದು ಕಾರಣ. ಅವರ ದೇಹಕ್ಕೆ ಈ ಒಂದು ವೈರಸ್‌ನ ಪರಿಚಯ ಇರಲಿಲ್ಲ, ಅಷ್ಟೇ. 65 ವರ್ಷದಲ್ಲಿ ಹುಟ್ಟಿದ ಪರಿಚಯವಿಲ್ಲದವರೆಲ್ಲ ಒಟ್ಟು ಸೇರಿದ್ದರು. ಬಾಗಿಲು ತೆರೆದ ದಿನ ಎಲ್ಲರಿಗೂ ಒಟ್ಟಿಗೇ ಪರಿಚಯವಾಯಿತು.

ಬಾಗಿಲು ಹಾಕಿಕೊಂಡ ಹಳ್ಳಿಗಳು

ಕೆಲವು ಹಳ್ಳಿಗಳು ಸುದ್ದಿ ತಿಳಿದ ಕೂಡಲೇ ಹೊರಗಿನ ದೋಣಿಗಳನ್ನು ತಡೆದವು. ಸೋಂಕಿತ ಊರುಗಳಿಗೆ ಹೋಗಿಬರುವುದನ್ನು ನಿಲ್ಲಿಸಿದವು. ಸುಮಾರು 1,500 ಜನ ಹೀಗೆ ರೋಗದಿಂದ ಪಾರಾದರು. ಅಂಟುವ ದಾರಿ ಮತ್ತು ದಿನಗಳ ಲೆಕ್ಕ ಗೊತ್ತಿದ್ದರೆ ಕ್ವಾರಂಟೈನ್ ಕೆಲಸ ಮಾಡುತ್ತದೆ ಎಂದು ಪನುಮ್ ಬರೆದರು.

ಅಲ್ಲಿನ ಜನ ಅವರಿಗೆ ಇನ್ನೊಂದು ವಿಷಯವನ್ನೂ ಹೇಳಿದ್ದರು. ವಸಂತದಲ್ಲಿ ಮೊದಲ ವ್ಯಾಪಾರಿ ಹಡಗುಗಳು ಬಂದ ಮೇಲೆ ದ್ವೀಪದಲ್ಲಿ ನೆಗಡಿ, ಕೆಮ್ಮು, ಜ್ವರ ಸುತ್ತಾಡುತ್ತದೆ ಎನ್ನುವುದು ಅವರ ಅನುಭವ. ಪನುಮ್ ಅದನ್ನೂ ದಾಖಲಿಸಿದರು. ಸ್ಕಾಟ್ಲೆಂಡ್‌ನ ಸೇಂಟ್ ಕಿಲ್ಡಾ, ದಕ್ಷಿಣ ಅಟ್ಲಾಂಟಿಕ್‌ನ ಟ್ರಿಸ್ಟನ್ ದ ಕುನ್ಹಾ ದ್ವೀಪಗಳಲ್ಲೂ ಇದೇ ಕಂಡುಬಂತು. ಹಡಗು ಬಾರದಷ್ಟು ಕಾಲ ನೆಗಡಿ ಇಲ್ಲ, ಹಡಗು ಬಂದ ಮೇಲೆ ಊರಿಗೆಲ್ಲ ನೆಗಡಿ.

ದ್ವೀಪದಿಂದ ಬಂದ ಮೇಲೆ

ಪನುಮ್ ವರದಿ 1847ರಲ್ಲಿ ಡೆನ್ಮಾರ್ಕ್‌ನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರ ಹೆಸರು ಯುರೋಪಿನಲ್ಲಿ ಹರಡಿತು. 1850ರಲ್ಲಿ ಡೆನ್ಮಾರ್ಕ್‌ನ ಬಂದ್‌ಹೋಮ್ ಎಂಬ ಊರಿನಲ್ಲಿ ಕಾಲರಾ ಹಬ್ಬಿದಾಗ ಅಲ್ಲಿಗೂ ಹೋದರು. ನಂತರ ಜರ್ಮನಿ ಮತ್ತು ಪ್ಯಾರಿಸ್‌ಗೆ ಹೋಗಿ, ಆ ಕಾಲದ ಹೆಸರಾಂತ ಶರೀರಶಾಸ್ತ್ರಜ್ಞ ಕ್ಲೋಡ್ ಬರ್ನಾರ್ಡ್ ಬಳಿ ಕಲಿತರು.

1853ರಲ್ಲಿ ಕೀಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಅಲ್ಲಿ ಕೊಳೆತ ಪದಾರ್ಥದಿಂದ ತೆಗೆದ ದ್ರವವನ್ನು ಗಂಟೆಗಟ್ಟಲೆ ಕುದಿಸಿದರೂ ಅದರ ವಿಷ ಹೋಗುವುದಿಲ್ಲ ಎಂದು ಪ್ರಯೋಗಗಳಿಂದ ತೋರಿಸಿದರು. ಬ್ಯಾಕ್ಟೀರಿಯಾ ಸತ್ತ ಮೇಲೂ ಉಳಿಯುವ ವಿಷದ ಬಗ್ಗೆ ನಡೆದ ಮೊದಮೊದಲ ಅಧ್ಯಯನಗಳಲ್ಲಿ ಇದೂ ಒಂದು. ಆಗ ಮನುಷ್ಯರಿಗೆ ಕುರಿಯಂಥ ಪ್ರಾಣಿಗಳ ರಕ್ತ ಕೊಡುವ ಯತ್ನಗಳೂ ನಡೆಯುತ್ತಿದ್ದವು. ಮನುಷ್ಯರಿಗೆ ಮನುಷ್ಯರ ರಕ್ತವನ್ನೇ ಕೊಡಬೇಕು ಎಂದು ವಾದಿಸಿದವರಲ್ಲಿ ಪನುಮ್ ಕೂಡ ಒಬ್ಬರು.

1864ರ ಯುದ್ಧದಲ್ಲಿ ಡೆನ್ಮಾರ್ಕ್ ಸೋತು ಶ್ಲೆಸ್ವಿಗ್ ಮತ್ತು ಹೋಲ್‌ಸ್ಟೈನ್ ಪ್ರಾಂತ್ಯಗಳನ್ನು ಕಳೆದುಕೊಂಡಿತು. ಕೀಲ್ ಕೂಡ ಕೈಬಿಟ್ಟಿತು. ಪನುಮ್ ಬೆಳೆದ ನಾಡು ಪರದೇಶವಾಯಿತು. ಅದೇ ವರ್ಷ ಅವರು ಕೋಪನ್‌ಹೇಗನ್‌ಗೆ ಬಂದು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಶರೀರಶಾಸ್ತ್ರ ಕಲಿಸತೊಡಗಿದರು. ಅವರ ಶಿಷ್ಯರಲ್ಲಿ ಒಬ್ಬರಾದ ಕ್ರಿಸ್ಟಿಯನ್ ಬೋರ್ ಮುಂದೆ ಅದೇ ಸ್ಥಾನಕ್ಕೆ ಬಂದರು. ಪರಮಾಣು ವಿಜ್ಞಾನಿ ನೀಲ್ಸ್ ಬೋರ್ ಅವರ ತಂದೆ ಇವರೇ.

1884ರಲ್ಲಿ ಕೋಪನ್‌ಹೇಗನ್‌ನಲ್ಲಿ ಎಂಟನೆಯ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನ ನಡೆದಾಗ ಅದರ ಅಧ್ಯಕ್ಷರು ಪನುಮ್. ಲೂಯಿ ಪಾಶ್ಚರ್ ಅಲ್ಲಿಗೆ ಬಂದು ಹುಚ್ಚುನಾಯಿ ರೋಗದ ಕುರಿತ ತಮ್ಮ ಸಂಶೋಧನೆಯ ಬಗ್ಗೆ ಮಾತನಾಡಿದರು. ರೋಗವನ್ನು ಅನುಭವಿಸದೆಯೇ ದೇಹಕ್ಕೆ ಅದರ ಪರಿಚಯ ಮಾಡಿಸುವ ಲಸಿಕೆಯ ಕಾಲ ಆಗ ಶುರುವಾಗುತ್ತಿತ್ತು. ಮರುವರ್ಷ, 1885ರ ಮೇ 2ರಂದು ಪನುಮ್ ತೀರಿಕೊಂಡರು. ವಯಸ್ಸು 64. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ದೊಡ್ಡ ವೈದ್ಯಕೀಯ ಕಟ್ಟಡಕ್ಕೆ ಇಂದು ಅವರದೇ ಹೆಸರಿದೆ.

2020: ಇಡೀ ಜಗತ್ತೇ ದ್ವೀಪವಾದಾಗ

ಪನುಮ್ ಸತ್ತು 135 ವರ್ಷಗಳ ನಂತರ ಜಗತ್ತಿನ ಬಹುಭಾಗ ಒಟ್ಟಿಗೆ ಫ್ಯಾರೋ ಆಯಿತು. ವಿಮಾನ ನಿಂತವು, ಶಾಲೆ ಮುಚ್ಚಿದವು. ನಮ್ಮ ಕರ್ನಾಟಕದಲ್ಲೇ ಒಂದರಿಂದ ಐದನೆಯ ತರಗತಿಯ ಮಕ್ಕಳು 2020ರ ಮಾರ್ಚ್‌ನಲ್ಲಿ ಮನೆ ಸೇರಿದವರು ತರಗತಿಗೆ ಮರಳಿದ್ದು 2021ರ ಅಕ್ಟೋಬರ್ 25ರಂದು.

ಕೊರೊನಾ ತಡೆಯಲು ಮಾಡಿದ ಈ ಕ್ರಮಗಳು ಬೇರೆ ವೈರಸ್‌ಗಳ ದಾರಿಯನ್ನೂ ಮುಚ್ಚಿದವು. ಹಲವು ದೇಶಗಳಲ್ಲಿ ಫ್ಲೂ ಮತ್ತು ಆರ್‌ಎಸ್‌ವಿ ಹೆಚ್ಚುಕಡಿಮೆ ಕಾಣೆಯಾದವು. ಆರ್‌ಎಸ್‌ವಿ ಎಂದರೆ ಚಿಕ್ಕ ಮಕ್ಕಳ ಶ್ವಾಸಕೋಶಕ್ಕೆ ತೊಂದರೆ ಕೊಡುವ ಸಾಮಾನ್ಯ ವೈರಸ್. ಎರಡು ವರ್ಷ ತುಂಬುವುದರೊಳಗೆ ಬಹುತೇಕ ಎಲ್ಲ ಮಕ್ಕಳಿಗೂ ಒಮ್ಮೆಯಾದರೂ ಬರುತ್ತದೆ. ಫ್ಲೂ ವೈರಸ್‌ನ ಬಿ ಯಮಗಾಟ ಎಂಬ ತಳಿಯಂತೂ 2020ರ ಮಾರ್ಚ್ ನಂತರ ಎಲ್ಲೂ ಖಚಿತವಾಗಿ ಪತ್ತೆಯಾಗಲಿಲ್ಲ. ಅದನ್ನು ಲಸಿಕೆಯಲ್ಲಿ ಸೇರಿಸುವ ಅಗತ್ಯ ಇನ್ನಿಲ್ಲ ಎಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಹೇಳಿದರು.

ಆಮೇಲೆ ಬಾಗಿಲು ತೆರೆಯಿತು. ನ್ಯೂಜಿಲೆಂಡ್ 2021ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದಿಂದ ಬರುವವರಿಗೆ ಕ್ವಾರಂಟೈನ್ ತೆಗೆಯಿತು. ಜೂನ್, ಜುಲೈ ವೇಳೆಗೆ ಅಲ್ಲಿನ ಆಸ್ಪತ್ರೆಗಳ ಮಕ್ಕಳ ವಾರ್ಡ್‌ಗಳು ಆರ್‌ಎಸ್‌ವಿಯಿಂದ ತುಂಬಿದವು. ಪನುಮ್ ಅವರ ಡೆನ್ಮಾರ್ಕ್‌ನಲ್ಲಿ ಚಳಿಗಾಲದ ಈ ಕಾಯಿಲೆ 2021ರ ಬೇಸಿಗೆಯಲ್ಲೇ ಎದ್ದಿತು, ಮಾಮೂಲಿಗಿಂತ ದೊಡ್ಡ ವಯಸ್ಸಿನ ಮಕ್ಕಳೂ ಆಸ್ಪತ್ರೆ ಸೇರಿದರು.

ಕಾರಣ ತಿಳಿಯಲು ಒಂದು ಅಂಗನವಾಡಿಯನ್ನು ಊಹಿಸಿಕೊಳ್ಳಿ. ವರ್ಷಕ್ಕೆ 20 ಹೊಸ ಮಕ್ಕಳು ಸೇರುತ್ತಾರೆ, ಆ ವರ್ಷವೇ ಅವರಿಗೆ ಒಂದು ವೈರಸ್ ತಗುಲುತ್ತದೆ ಎನ್ನಿ. ಎರಡು ವರ್ಷ ವೈರಸ್ ಬರಲೇ ಇಲ್ಲ. ಮೂರನೆಯ ವರ್ಷ ಬಂದಾಗ ಅದಕ್ಕೆ 60 ಹೊಸ ಮಕ್ಕಳು ಸಿಗುತ್ತಾರೆ. ಯಾವ ಮಗುವಿನ ದೇಹವೂ ದುರ್ಬಲವಾಗಿಲ್ಲ. ಆದರೆ ಮೂರು ವರ್ಷದ ಕೆಮ್ಮು ಒಂದೇ ತಿಂಗಳಲ್ಲಿ ಕೇಳಿಸುತ್ತದೆ, ಆಸ್ಪತ್ರೆಯ ಹಾಸಿಗೆ ಸಾಲದೆ ಬರುತ್ತದೆ.

ಇದಕ್ಕೆ ಕೆಲವರು ರೋಗನಿರೋಧಕ ಸಾಲ ಎಂದು ಹೆಸರಿಟ್ಟರು. ಸಾಲ ಎಂದ ತಕ್ಷಣ ಪ್ರತಿ ಮಗುವೂ ಕಾಯಿಲೆ ಬಿದ್ದು ಅದನ್ನು ತೀರಿಸಲೇಬೇಕು ಎಂಬ ಅರ್ಥ ಬರುತ್ತದೆ. ನಮ್ಮ ಫಾರ್ವರ್ಡ್ ಹುಟ್ಟಿದ್ದು ಈ ಗೊಂದಲದಲ್ಲೇ. ಪರಿಚಯದ ಅಂತರ ಎಂದು ಕರೆದರೆ ಹೆಚ್ಚು ಸರಿ.

ದಡಾರವೇ ಬೇರೆ, ನೆಗಡಿಯೇ ಬೇರೆ

ಇಲ್ಲಿ ಒಂದು ಎಚ್ಚರ ಬೇಕು. ಪನುಮ್ ಕಂಡ ದಡಾರದ ಪಾಠವನ್ನು ಎಲ್ಲ ವೈರಸ್‌ಗಳಿಗೂ ಹಾಗೆಯೇ ಅಂಟಿಸುವಂತಿಲ್ಲ. ದಡಾರ ಒಮ್ಮೆ ಬಂದರೆ ರಕ್ಷಣೆ ಜೀವನಪೂರ್ತಿ. ಆರ್‌ಎಸ್‌ವಿ, ಫ್ಲೂ, ಎಚ್‌ಎಂಪಿವಿ ಹಾಗಲ್ಲ, ಮತ್ತೆ ಮತ್ತೆ ಬರುತ್ತವೆ. ಅವುಗಳ ವಿರುದ್ಧದ ಪ್ರತಿಕಾಯಗಳು ಕಾಲಕ್ರಮೇಣ ಕಡಿಮೆಯಾಗುತ್ತವೆ. ಗರ್ಭಿಣಿಯರಿಗೂ ಎರಡು ವರ್ಷ ಈ ವೈರಸ್ ತಗುಲದಿದ್ದರೆ ಹುಟ್ಟುವ ಮಗುವಿಗೆ ತಾಯಿಯಿಂದ ಸಿಗುವ ಪ್ರತಿಕಾಯವೂ ಕಡಿಮೆಯಿರಬಹುದು. ಆ ಮಟ್ಟಿಗೆ ಫಾರ್ವರ್ಡ್‌ನಲ್ಲಿ ಒಂದು ಎಳೆ ನಿಜವಿದೆ. ಆದರೂ ಇದು ಒಂದೊಂದು ವೈರಸ್‌ಗೆ ಸಂಬಂಧಿಸಿದ ಲೆಕ್ಕ. ಮಾಸ್ಕ್ ಹಾಕಿದ್ದರಿಂದ ಇಡೀ ರೋಗನಿರೋಧಕ ವ್ಯವಸ್ಥೆಯೇ ಕೆಟ್ಟಿತು ಎನ್ನಲು ಇದು ಆಧಾರವಲ್ಲ. ಮನೆಯೊಳಗಿದ್ದ ಮಕ್ಕಳೂ ಮಣ್ಣು, ಧೂಳು, ಊಟ, ಸಾಕುಪ್ರಾಣಿಗಳ ಮೂಲಕ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳನ್ನು ಎದುರಿಸುತ್ತಲೇ ಇದ್ದರು.

ಇನ್ನೊಂದು ಮಾತು. ಹೇಗಿದ್ದರೂ ಮುಂದೆ ಬರುವ ಸೋಂಕು ಈಗಲೇ ಬರಲಿ ಎನ್ನುವುದು ಶಿಶುಗಳ ವಿಷಯದಲ್ಲಿ ಅಪಾಯದ ಲೆಕ್ಕ. ಆರ್‌ಎಸ್‌ವಿ ಅತಿ ಹೆಚ್ಚು ಕಾಡುವುದು ಹುಟ್ಟಿದ ಮೊದಲ ಕೆಲವು ತಿಂಗಳಲ್ಲಿ, ಉಸಿರಿನ ನಾಳಗಳು ತೀರಾ ಕಿರಿದಾಗಿರುವಾಗ. ಎರಡು ತಿಂಗಳಿಗೆ ಬರುವುದು ಎರಡು ವರ್ಷಕ್ಕೆ ಬಂದರೆ ಮಗು ಅದನ್ನು ತಡೆದುಕೊಳ್ಳುವ ಸಾಧ್ಯತೆ ಹೆಚ್ಚು. ಮುಂದೂಡುವುದೇ ಇಲ್ಲಿ ಲಾಭ.

ಪನುಮ್ ಬಳಿ ಇರದಿದ್ದದ್ದು, ನಮ್ಮ ಬಳಿ ಇರುವುದು

ಫ್ಯಾರೋ ಜನರ ಮುಂದೆ ಎರಡೇ ದಾರಿಗಳಿದ್ದವು. ಬಾಗಿಲು ಹಾಕಿಕೊಂಡು ಕೂರುವುದು, ಇಲ್ಲವೇ ರೋಗವನ್ನು ಎದುರಿಸುವುದು. ಆ 98 ಹಿರಿಯರ ರಕ್ಷಣೆಯೂ ಪುಕ್ಕಟೆ ಬಂದದ್ದಲ್ಲ. 1781ರ ದಡಾರವನ್ನು ದಾಟಿ ಬದುಕಿದವರು ಅವರು. ದಾಟಲಾಗದೆ ಹೋದವರನ್ನು 1846ರಲ್ಲಿ ಎಣಿಸಲು ಪನುಮ್ ಅವರಿಗೆ ಸಾಧ್ಯವೇ ಇರಲಿಲ್ಲ. ಕಾಯಿಲೆ ಬಂದರೆ ಗಟ್ಟಿಯಾಗುತ್ತಾರೆ ಎನ್ನುವ ಮಾತಿನಲ್ಲಿ ಯಾವಾಗಲೂ ಮರೆತುಹೋಗುವುದು ಈ ಲೆಕ್ಕ.

ನಮಗೆ ಮೂರನೆಯ ದಾರಿಯಿದೆ. ಅದು ಲಸಿಕೆ. ಕಾಯಿಲೆಯ ಬೆಲೆ ತೆರದೆ ಪರಿಚಯ ಮಾಡಿಸುವ ದಾರಿ. ಭಾರತದಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯನ್ನು ಮಗುವಿಗೆ 9ರಿಂದ 12 ತಿಂಗಳೊಳಗೆ ಒಮ್ಮೆ, 16ರಿಂದ 24 ತಿಂಗಳೊಳಗೆ ಮತ್ತೊಮ್ಮೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಕೊರೊನಾ ಕಾಲದಲ್ಲಿ ಬಹಳ ಮಕ್ಕಳಿಗೆ ಇದು ತಪ್ಪಿಹೋಯಿತು. 2021ರಲ್ಲಿ ಜಗತ್ತಿನಾದ್ಯಂತ ಸುಮಾರು 4 ಕೋಟಿ ಮಕ್ಕಳಿಗೆ ದಡಾರ ಲಸಿಕೆಯ ಒಂದು ಡೋಸ್ ತಪ್ಪಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತು. 2022ರ ಕೊನೆಯಲ್ಲಿ ಮುಂಬೈಯಲ್ಲಿ ದಡಾರ ಹಬ್ಬಿ ಮಕ್ಕಳು ಸತ್ತರು. ಲಾಕ್‌ಡೌನ್ ನಂತರ ಸರಿಪಡಿಸಲೇಬೇಕಿದ್ದ ಅಂತರ ಇದು. ಇದಕ್ಕೆ ಪರಿಹಾರ ಲಸಿಕೆ ಹಾಕಿಸುವುದು, ಕಾಯಿಲೆ ಬರಿಸಿಕೊಳ್ಳುವುದಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಈ ಲೇಖನದಿಂದ ಮೂರು ಸಂಗತಿ ನೆನಪಿಟ್ಟುಕೊಂಡರೆ ಸಾಕು.

ಒಂದು, ನಿರ್ಬಂಧಗಳು ತೆರವಾದ ಮೇಲೆ ಬೇರೆ ವೈರಸ್‌ಗಳು ದೊಡ್ಡ ಅಲೆಯಾಗಿ, ಅಕಾಲದಲ್ಲಿ ಬರಬಹುದು. ಇದು ನಿಜ.

ಎರಡು, ಹಾಗೆ ಬರುವುದಕ್ಕೆ ಮುಖ್ಯ ಕಾರಣ ಆ ವೈರಸ್ ಅನ್ನು ಇನ್ನೂ ಕಾಣದವರ ಸಂಖ್ಯೆ ಹೆಚ್ಚಿರುವುದು. ಮಾಸ್ಕ್‌ನಿಂದ ನಿಮ್ಮ ಮಗುವಿನ ರೋಗನಿರೋಧಕ ಶಕ್ತಿ ಹಾಳಾಯಿತು ಎನ್ನುವುದು ಸುಳ್ಳು.

ಮೂರು, ಬೇಕೆಂದೇ ಸೋಂಕು ತಗುಲಿಸಿಕೊಳ್ಳುವುದು, ಅದರಲ್ಲೂ ಹಸುಗೂಸುಗಳಿಗೆ ತಗುಲಲು ಬಿಡುವುದು ಅಪಾಯ. ತಪ್ಪಿದ ಲಸಿಕೆ ಹಾಕಿಸಿ. ಕೆಮ್ಮು ಇರುವವರು ಕೂಸನ್ನು ಎತ್ತಿಕೊಳ್ಳದಿರಲಿ. ಶಿಶು ಹಾಲು ಕುಡಿಯಲು ಕಷ್ಟಪಟ್ಟರೆ, ಉಸಿರಾಡುವಾಗ ಪಕ್ಕೆ ಒಳಗೆ ಎಳೆದರೆ ತಡಮಾಡದೆ ಡಾಕ್ಟರ ಬಳಿ ಕರೆದುಕೊಂಡು ಹೋಗಿ.

ದೊಡ್ಡಮ್ಮನಿಗೆ ನಾನು ಈ ದ್ವೀಪದ ಕಥೆ ಹೇಳಿದೆ. ಅವರಿಗೆ ಹಿಡಿಸಿದ್ದು ಆ 98 ಹಿರಿಯರ ಸಂಗತಿ. ಅಷ್ಟು ವರ್ಷವಾದರೂ ದೇಹ ಮರೆಯಲಿಲ್ಲವೇ ಎಂದು ಎರಡೆರಡು ಸಲ ಕೇಳಿದರು. ಆಮೇಲೆ ತಾವೇ ಫೋನ್ ಮಾಡಿ, ಹುಡುಗನ ಕೆಮ್ಮು ಪೂರ್ತಿ ನಿಂತ ಮೇಲೆ ಬನ್ನಿ ಎಂದು ನೆಂಟರಿಗೆ ತಿಳಿಸಿದರು. ಅವರು ಎರಡು ವಾರ ಬಿಟ್ಟು ಬಂದರು. ಅಷ್ಟರಲ್ಲಿ ನಾಮಕರಣದ ಉಂಡೆಗಳು ಮುಗಿದಿದ್ದವು. ದೊಡ್ಡಮ್ಮ ಅವನಿಗಾಗಿ ಮತ್ತೆ ಮಾಡಿಟ್ಟಿದ್ದರು.